ಕಿರೀಟವೂ ಶಿರಸ್ತ್ರಾಣವೂ

ಕೋಡಂಬಾಕ್ಕಂ ಒಂದು ಕಾಲಕ್ಕೆ ಕನ್ನಡ ಚಲಚ್ಚಿತ್ರಕ್ಕೂ ಆಶ್ರಯವಾಗಿದ್ದಿತು. ಅಲ್ಲಿನ ಸ್ಟುಡಿಯೋಗಳಲ್ಲಿ ತಯಾರಾದ ಪೌರಾಣಿಕ ಚಿತ್ರಗಳಲ್ಲಿ ಗಗನಮಾರ್ಗದಲ್ಲಿ ಸಂಚರಿಸುವ ದೇವದಾನವರ ತಲೆಯ ಮೇಲೆ ಹೊಂಬಣ್ಣದ ಕಿರೀಟವಿದ್ದರೆ ಸಾಕಾಗಿತ್ತು. ಮುಖ ಮಾತ್ರ ತೆರೆದಿರಲೇಬೇಕು. ಮುಖವೇ ಮುಚ್ಚಿದ ಮೇಲೆ ನಟನೆಲ್ಲಿ? ಅನ್ಯಲೋಕದವರು ಭೂಮಿಗಿಳಿಯುವ ಕಥೆಯುಳ್ಳ ತಮಿಳು ಚಿತ್ರ 'ಕಲೈ ಅರಸಿ' ತೆರೆಗೆ ಬಂದುದು 1963ರಲ್ಲಿ. ಅಷ್ಟು ಹೊತ್ತಿಗೆ ನಿಜವಾದ ಗಗನಯಾತ್ರಿಯ ಶಿರಸ್ತ್ರಾಣವನ್ನು ಲೋಕ ಕಂಡು ಎರಡು ವರ್ಷಗಳಾಗಿದ್ದವು.

1961ರ ಏಪ್ರಿಲ್ 12ರಂದು ಗಗಾರಿನ್ ಧರಿಸಿದ್ದ ಆ ಶಿರಸ್ತ್ರಾಣ ಅಲಂಕಾರವಲ್ಲ, ಉಸಿರನ್ನು ಹಿಡಿದಿಡುವ ಪಾತ್ರೆ. ಚಂದ್ರನ ಮೇಲೆ ನಡೆದವರಿಗೆ ಇದರ ಜೊತೆಗೆ ಹೊರಗಿನ ಮುಖಕವಚವೂ ಬೇಕಾಯಿತು. ಅದಕ್ಕೆ ಬಳಿದ ಚಿನ್ನದ ತೆಳುಲೇಪ ಬಿಸಿಲಿನ ಪ್ರಖರತೆಯನ್ನೂ ಶಾಖವನ್ನೂ ಹಿಂದಕ್ಕೆ ತಳ್ಳುತ್ತಿತ್ತು. ಕಿರೀಟದ ಹೊನ್ನು ಮುಖವನ್ನು ಮೆರೆಸಿದರೆ ಈ ಹೊನ್ನು ಮುಖವನ್ನು ಮರೆಸಿತು. 1969ರ ಜುಲೈಯಲ್ಲಿ ತೆಗೆದ ಆಲ್ಡ್ರಿನ್‌ರ ಪ್ರಸಿದ್ಧ ಛಾಯಾಚಿತ್ರದಲ್ಲಿ ಅವರ ಮುಖವಿಲ್ಲ. ಛಾಯಾಗ್ರಾಹಕ ಆರ್ಮ್‌ಸ್ಟ್ರಾಂಗರ ಪ್ರತಿಬಿಂಬವಿದೆ!

ಶಿರಸ್ತ್ರಾಣದ ಬೆಲೆ ತಿಳಿದುದು ಮಾತ್ರ ಅದಿಲ್ಲದ ಯಾತ್ರೆಯೊಂದರಲ್ಲಿ. ಸೋಯುಜ್ ನೌಕೆಯ ಕೋಣೆ ಇಕ್ಕಟ್ಟು. ಒತ್ತಡದ ಉಡುಪು ತೊಟ್ಟ ಮೂವರಿಗೆ ಅದರಲ್ಲಿ ಜಾಗವಿರಲಿಲ್ಲ. ಆದುದರಿಂದ ಸೋಯುಜ್-11ರ ಮೂವರು ಉಡುಪಿಲ್ಲದೆಯೇ ಹೋಗಿದ್ದರು. 1971ರ ಜೂನ್ 30ರಂದು ಮರಳುವಾಗ ಕವಾಟವೊಂದು ಅಕಾಲದಲ್ಲಿ ತೆರೆದು ಗಾಳಿ ಸೋರಿಹೋಯಿತು. ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪಾತ್ಸಾಯೆವ್ ಮೂವರೂ ಆಸನದಲ್ಲಿಯೇ ಪ್ರಾಣಬಿಟ್ಟರು. ನೆಲಕ್ಕಿಳಿದ ನೌಕೆಗೆ ಯಾವ ಊನವೂ ಆಗಿರಲಿಲ್ಲ. ಅನಂತರ 'ಸೊಕೋಲ್' ಉಡುಪು ಕಡ್ಡಾಯವಾಯಿತು. ಅದಕ್ಕಾಗಿ ಮೂರನೆಯ ಆಸನವನ್ನೇ ತೆಗೆದರು. ಇದರ ಶಿರಸ್ತ್ರಾಣ ಗಟ್ಟಿ ಗೋಳವಲ್ಲ, ಉಡುಪಿಗೇ ಹೊಲಿದ ಮೆತ್ತನೆಯ ಕುಲಾವಿ. ಮುಂದೆ ಎತ್ತಿ ಇಳಿಸಬಹುದಾದ ಪಾರದರ್ಶಕ ಮುಖಕವಚ. ಕೋಣೆಯ ಗಾಳಿ ಸೋರಿದರೆ ಕಾಯುವುದಷ್ಟೇ ಅದರ ಕೆಲಸ.

ನೌಕೆಯನ್ನು ಪರಿಷ್ಕರಿಸಿ, ಉಡುಪು ತೊಟ್ಟ ಮೂವರು ಕೂರುವಂತಾದುದು 1980ರಲ್ಲಿ. 1984ರ ಏಪ್ರಿಲ್ 3ರಂದು ಸೋಯುಜ್ ಟಿ-11ರಲ್ಲಿ ರಾಕೇಶ್ ಶರ್ಮರಿಗೆ ಒದಗಿದ ಆಸನದ ಹಿಂದೆ ಈ ಕಥೆಯಿದೆ. ಅವರ ಆಯ್ಕೆಯ ವೈದ್ಯಕೀಯ ಪರೀಕ್ಷೆಗಳು ನಡೆದುದು ಬೆಂಗಳೂರಿನಲ್ಲಿ, ವಾಯುಪಡೆಯ ವಿಮಾನ ವೈದ್ಯಕೀಯ ಸಂಸ್ಥೆಯಲ್ಲಿ. 2024ರ ಫೆಬ್ರವರಿಯಲ್ಲಿ ಗಗನಯಾನ ಯೋಜನೆಯ ನಾಲ್ವರ ಹೆಸರುಗಳು ಪ್ರಕಟವಾದವು. ಅವರಲ್ಲೊಬ್ಬರಾದ ಅಜಿತ್ ಕೃಷ್ಣನ್ ಹುಟ್ಟಿದುದು ಕೋಡಂಬಾಕ್ಕಂ ಇರುವ ಇದೇ ಚೆನ್ನೈಯಲ್ಲಿ. ಪರೀಕ್ಷೆಗೊಳಗಾದುದು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ.