ಕಾಕು

ಭಾವ ಬದಲಾದಂತೆ ದನಿಯಲ್ಲಿ ಆಗುವ ಏರುಪೇರಿಗೆ 'ಕಾಕು' ಎಂದು ಹೆಸರು, ಪದ ಸಂಸ್ಕೃತದ್ದು. ಭರತನ ನಾಟ್ಯಶಾಸ್ತ್ರದಲ್ಲಿ ಇದು ನಟನ ವಾಚಿಕಕ್ಕೆ, ಅಂದರೆ ಮಾತಿನ ಅಭಿನಯಕ್ಕೆ, ಸೇರಿದ್ದು. ಆಲಂಕಾರಿಕ ರುದ್ರಟ ಇದನ್ನು ವಕ್ರೋಕ್ತಿ, ಅಂದರೆ ಮಾತಿನ ಅರ್ಥವನ್ನು ತಿರುಗಿಸುವ ಅಲಂಕಾರದ, ಒಂದು ಬಗೆಯೆಂದ. ಓದಿನ ಗುಣ ಅಲಂಕಾರ ಹೇಗಾದೀತು ಎಂಬುದು ಇನ್ನೊಬ್ಬ ಆಲಂಕಾರಿಕ ರಾಜಶೇಖರನ ತಕರಾರು, ಅದರಲ್ಲಿ ಹುರುಳಿದೆ. "ನೀನು ಬಹಳ ಜಾಣ" ಎಂಬುದು ಹೊಗಳಿಕೆಯೋ ಕುಟುಕೋ ಎಂದು ತಿಳಿಸುವುದು ಕಾಕುವೇ. ಬರಹದಲ್ಲಾದರೆ ಪದಗಳ ಆಯ್ಕೆ, ವಾಕ್ಯದ ಓಟ ಆ ಕೆಲಸ ಮಾಡಬೇಕು. ಹೀಗೆ ಬರಹದಲ್ಲಿ ಕೇಳುವ ದನಿ ಧಾಟಿ, ಓದುಗರಲ್ಲಿ ಅದು ಮೂಡಿಸುವುದು ಭಾವ.

ನೈರೋಬಿಯಲ್ಲಿ 1966ರಲ್ಲಿ ಪ್ರಕಟವಾದ, ಉಗಾಂಡದ ಕವಿ ಒಕೋಟ್ ಪಿಬಿಟೆಕ್ ಅವರ 'ಸಾಂಗ್ ಆಫ್ ಲಾವಿನೋ' ಇದಕ್ಕೆ ಒಳ್ಳೆಯ ನಿದರ್ಶನ. ಪರಂಗಿ ರೀತಿಗೆ ಮರುಳಾದ ಗಂಡನನ್ನು ಲಾವಿನೋ ಅಣಕಿಸುತ್ತಾಳೆ: ಇದು ಧಾಟಿ. ಅಣಕದಡಿ ಓದುಗರನ್ನು ಆವರಿಸುವ ವ್ಯಥೆಯೇ ಭಾವ. 1970ರ 'ಸಾಂಗ್ ಆಫ್ ಓಚೋಲ್'ನಲ್ಲಿ ಗಂಡನ ಉತ್ತರವಿದೆ. ಅದರ ಧಾಟಿ ದರ್ಪದ್ದು.