ಜೋಡಿ ಸಿಗದ ಜಟ್ಟಿಗಳು

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಇಶಾ ನಮಾಜು ಮುಗಿದ ಮೇಲೆ ಚಹಾದಂಗಡಿಯ ಮುಂದೆ ಹುಡುಗರು ಸೇರುತ್ತಾರೆ. ಕೆಲವರು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು, ಕೆಲವರು ಗ್ಯಾರೇಜಿನವರು, ಆಟೊದವರು. ಒಂದು ರಾತ್ರಿ ಅಲ್ಲಿ ವಾದ ಬಿಸಿಯೇರಿತ್ತು. ಜಗತ್ತಿನ ಹೆವಿವೇಟ್ ಬಾಕ್ಸರುಗಳಲ್ಲಿ ಎಲ್ಲ ಕಾಲಕ್ಕೂ ದೊಡ್ಡವನು ಯಾರು? ‘ಅಲಿ ನಮ್ಮವರು, ಅವರೇ ನಂಬರ್ ಒನ್’ ಎಂದ ಒಬ್ಬ. ‘ಹಾಗಾದರೆ ಟೈಸನ್ನೂ ಕಲಿಮಾ ಓದಿದವನೇ’ ಎಂದ ಇನ್ನೊಬ್ಬ. ಮೂರನೆಯವನು ಮೊಬೈಲಿನಲ್ಲಿ ಪಟ್ಟಿ ತೆಗೆದು, 49 ಪಂದ್ಯಗಳಲ್ಲಿ 49 ಗೆದ್ದ ರಾಕಿ ಮಾರ್ಸಿಯಾನೊ ಹೆಸರು ತೋರಿಸಿದ. 2024ರಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ನಾಲ್ಕೂ ಬೆಲ್ಟುಗಳನ್ನು ಒಟ್ಟುಗೂಡಿಸಿದ ಯುಕ್ರೇನಿನ ಉಸಿಕ್‌ನ ಕಡೆಯವರೂ ಇದ್ದರು. ಕೊನೆಗೆ ‘ನೀವೇ ಹೇಳಿ ಭಾಯ್’ ಎಂದು ತೀರ್ಪನ್ನು ನಮ್ಮ ಮೇಲೆ ಹಾಕಿದರು.

ಆ ಹೊತ್ತಿಗೆ ನಮಗೆ ನೆನಪಾದದ್ದು ಮೈಸೂರಿನ ದಸರಾ ಕುಸ್ತಿ. ಅಲ್ಲಿ ಪಂದ್ಯಗಳಿಗೆ ಮೊದಲು ‘ಜೋಡಿ ಕಟ್ಟುವ’ ಕೆಲಸ ನಡೆಯುತ್ತದೆ. ಊರೂರುಗಳಿಂದ ಬಂದ ಪೈಲ್ವಾನರನ್ನು ಹಿರಿಯರು ಎದುರುಬದುರು ನಿಲ್ಲಿಸಿ ತೂಕ, ವಯಸ್ಸು, ಅನುಭವ ನೋಡುತ್ತಾರೆ. ಸರಿಹೊಂದಿದರೆ ಮಾತ್ರ ಜೋಡಿ. ಆಮೇಲೆ ದೊಡ್ಡಕೆರೆ ಮೈದಾನದ ಮಟ್ಟಿಯಲ್ಲಿ ಕುಸ್ತಿ. ಪೈಲ್ವಾನ್, ಉಸ್ತಾದ್, ಕುಸ್ತಿ ಎಂಬ ಮಾತುಗಳು ಪಾರಸಿಯಿಂದ ಬಂದವು. ಗರಡಿ, ಜಟ್ಟಿ, ಪಟ್ಟು ಈ ನೆಲದವು. ಎರಡೂ ಒಂದೇ ಕೆಮ್ಮಣ್ಣಿನಲ್ಲಿ ಬೆರೆತಿವೆ. ಆ ಗರಡಿಯ ನಿಯಮವನ್ನೇ ಹಿಡಿದು ನೋಡಿದರೆ ಬೇರೆ ಬೇರೆ ಕಾಲದ ಬಾಕ್ಸರುಗಳಿಗೆ ಜೋಡಿ ಕಟ್ಟಲಾದೀತೆ?

ತೂಕದಿಂದಲೇ ಆರಂಭಿಸೋಣ. ಮಾರ್ಸಿಯಾನೊ ತೂಗುತ್ತಿದ್ದುದು ಸುಮಾರು 84 ಕಿಲೋ. ಇಂದು ಹೆವಿವೇಟ್ ಆರಂಭವಾಗುವುದೇ 90 ಕಿಲೋ ದಾಟಿದ ಮೇಲೆ. ಫ್ಯೂರಿ 115 ಕಿಲೋ ಮೀರಿದ ಆಳು. ಮೈಸೂರಿನ ಯಾವ ಉಸ್ತಾದರೂ ಇವರಿಬ್ಬರ ಕೈ ಕೂಡಿಸಲಾರರು. ಮೊದಮೊದಲ ಕಾಲದ ಪಂದ್ಯಗಳು 20, 45 ಸುತ್ತುಗಳಿಗೆ ಗೊತ್ತಾಗುತ್ತಿದ್ದವು. ಈಗ 12ಕ್ಕೆ ಮುಗಿಯುತ್ತವೆ.

ಆದರೂ ಅಮೆರಿಕದಲ್ಲಿ ಈ ಕೆಲಸವನ್ನು ಯಂತ್ರದ ಕೈಯಲ್ಲಿ ಮಾಡಿಸಿದ್ದುಂಟು. 1967ರಲ್ಲಿ ಒಬ್ಬ ರೇಡಿಯೋ ನಿರ್ಮಾಪಕ ಹಳೆಯ, ಹೊಸ ಚಾಂಪಿಯನ್ನರ ವಿವರಗಳನ್ನು ಕಂಪ್ಯೂಟರಿಗೆ ಉಣಿಸಿ ಕಾಲ್ಪನಿಕ ಪಂದ್ಯಾವಳಿ ನಡೆಸಿದ. ಅದರಲ್ಲಿ ಮುಹಮ್ಮದ್ ಅಲಿ ಸೋತದ್ದು ಜಿಮ್ ಜೆಫ್ರೀಸ್ ಎಂಬ ಹಳಬನಿಗೆ. ಅಲಿ ಸಿಟ್ಟಾಗಿ ಮೊಕದ್ದಮೆ ಹೂಡಿದರು. ಆಮೇಲೆ 1969ರಲ್ಲಿ ಅದೇ ನಿರ್ಮಾಪಕ ಅಲಿ ಮತ್ತು ನಿವೃತ್ತ ಮಾರ್ಸಿಯಾನೊ ಇಬ್ಬರನ್ನೂ ಕ್ಯಾಮೆರಾ ಮುಂದೆ ಹೊಡೆದಾಡಿಸಿ ಬೇರೆ ಬೇರೆ ಅಂತ್ಯಗಳನ್ನು ಚಿತ್ರೀಕರಿಸಿದ. 1970ರ ಜನವರಿಯಲ್ಲಿ ಅಮೆರಿಕದ ಪ್ರೇಕ್ಷಕರು ಕಂಡದ್ದು 13ನೇ ಸುತ್ತಿನಲ್ಲಿ ಅಲಿ ನೆಲಕ್ಕೆ ಬೀಳುವುದನ್ನು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವರು ಅಲಿ! ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುವವರು ಈ ಕಥೆಯನ್ನು ನೆನಪಿಡಬೇಕು.

ಅಲಿಯನ್ನು ಸೋಲಿಸಿದನೆಂದು ಕಂಪ್ಯೂಟರ್ ಹೇಳಿದ ಈ ಜೆಫ್ರೀಸ್ ಯಾರು? ಚಾಂಪಿಯನ್ ಆಗಿದ್ದಷ್ಟು ಕಾಲ ಒಬ್ಬನೇ ಒಬ್ಬ ಕಪ್ಪು ಬಾಕ್ಸರನಿಗೂ ಪಟ್ಟದ ಪಂದ್ಯ ಕೊಡದೆ ನಿವೃತ್ತನಾದವನು. ಅದು ಅವನೊಬ್ಬನ ಹಟವಲ್ಲ, ಆ ಕಾಲದ ನಡಾವಳಿ. ಅವನಿಗಿಂತ ಮೊದಲು ಜಾನ್ ಸಲಿವನ್ ಕಪ್ಪು ಮಲ್ಲ ಪೀಟರ್ ಜಾಕ್ಸನ್‌ನ ಎದುರು ನಿಲ್ಲಲಿಲ್ಲ. ಮುಂದೆ ಜ್ಯಾಕ್ ಡೆಂಪ್ಸಿ ಚಾಂಪಿಯನ್ ಆಗಿದ್ದಾಗ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಕಾದರೂ ಪಂದ್ಯ ಸಿಗಲಿಲ್ಲ. ಈ ಗೋಡೆಯನ್ನು ಮೊದಲು ಒಡೆದವರು ಜ್ಯಾಕ್ ಜಾನ್ಸನ್. 1908ರಲ್ಲಿ ಸಿಡ್ನಿಯಲ್ಲಿ ಪಟ್ಟ ಗೆದ್ದರು. 1910ರ ಜುಲೈ 4ರಂದು ರೀನೊ ನಗರದಲ್ಲಿ, ಬಿಳಿಯರ ಮಾನ ಉಳಿಸಲೆಂದು ನಿವೃತ್ತಿಯಿಂದ ಎದ್ದು ಬಂದ ಇದೇ ಜೆಫ್ರೀಸ್‌ನನ್ನು 15ನೇ ಸುತ್ತಿನಲ್ಲಿ ಮುಗಿಸಿದರು. ಮಾಂಸದ ಜೆಫ್ರೀಸ್ ಸೋತಿದ್ದ, ಕಾಗದದ ಜೆಫ್ರೀಸ್ ಗೆದ್ದ. ಜಾನ್ಸನ್ ಗೆದ್ದ ದಿನ ಅಮೆರಿಕದ ಹಲವು ಊರುಗಳಲ್ಲಿ ಗಲಭೆ ಎದ್ದು ಕಪ್ಪು ಜನ ಪ್ರಾಣ ಕಳೆದುಕೊಂಡರು. ಮರುವರ್ಷ ಲಂಡನ್ನಿನಲ್ಲಿ ಬಿಳಿಯ ಬಾಕ್ಸರ್ ಬಿಲ್ಲಿ ವೆಲ್ಸ್ ಜೊತೆ ಗೊತ್ತಾಗಿದ್ದ ಜಾನ್ಸನ್ ಪಂದ್ಯವನ್ನು ಗೃಹಮಂತ್ರಿ ಚರ್ಚಿಲ್ ನಡೆಯಗೊಡಲಿಲ್ಲ.

ಅದೇ 1910ರ ಬೇಸಿಗೆಯಲ್ಲಿ ಅದೇ ಲಂಡನ್ನಿನಲ್ಲಿ ಹಿಂದುಸ್ತಾನದ ಒಬ್ಬ ಪೈಲ್ವಾನನೂ ಜೋಡಿಗಾಗಿ ಕಾಯುತ್ತಿದ್ದ. ಗುಲಾಮ್ ಮುಹಮ್ಮದ್ ಎಂಬ ಗಾಮಾ. ಕುಳ್ಳನೆಂದು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಆತ ಯಾರು ಬೇಕಾದರೂ ಬನ್ನಿ ಎಂದು ಬಹಿರಂಗ ಸವಾಲು ಹಾಕಿದ. ಅಮೆರಿಕದ ರೋಲರ್ ಬಂದು ಸೋತ. ಪೋಲೆಂಡಿನ ಜ್ಬಿಸ್ಕೊ ಸೆಪ್ಟೆಂಬರ್ 10ರಂದು ಎರಡೂವರೆ ಗಂಟೆ ನೆಲಕ್ಕೆ ಅಂಟಿಕೊಂಡಿದ್ದು ಡ್ರಾ ಮಾಡಿಕೊಂಡ. ಮತ್ತೊಂದು ಪಂದ್ಯಕ್ಕೆ ಬರಲೇ ಇಲ್ಲ. ಬೆಲ್ಟು ಗಾಮಾಗೆ ಸಿಕ್ಕಿತು. ಆದರೆ ಜಗದ್ವಿಖ್ಯಾತರಾಗಿದ್ದ ಫ್ರ್ಯಾಂಕ್ ಗಾಚ್ ಮತ್ತು ಹ್ಯಾಕನ್‌ಶ್ಮಿಟ್ ಜೊತೆ ಆತನಿಗೆ ಜೋಡಿ ಕೊನೆಗೂ ಆಗಲಿಲ್ಲ. 1928ರಲ್ಲಿ ಪಟಿಯಾಲದಲ್ಲಿ ಜ್ಬಿಸ್ಕೊ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಚಿತ್ ಮಾಡಿದ. ಬೆಳಗಾವಿ ಜಿಲ್ಲೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿ ಆದಾಗ ಗಾಮಾ ಲಾಹೋರಿನಲ್ಲಿ ಬದುಕಿನ ಕೊನೆಯ ದಿನಗಳಲ್ಲಿದ್ದ. ನಡುವೆ ಗಡಿ ಬಂದಿತ್ತು. ಗರಡಿಯ ಮಾತು ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

ಜಾನ್ಸನ್ 1915ರಲ್ಲಿ ಸೋತ ಮೇಲೆ ಬಾಗಿಲು ಮತ್ತೆ ಮುಚ್ಚಿತು. ಇನ್ನೊಬ್ಬ ಕಪ್ಪು ಬಾಕ್ಸರನಿಗೆ ಪಟ್ಟದ ಪಂದ್ಯ ಸಿಗಲು 22 ವರ್ಷ ಬೇಕಾಯಿತು. ಆತ ಜೋ ಲೂಯಿಸ್. 1937ರಿಂದ 1949ರವರೆಗೆ ಚಾಂಪಿಯನ್, 25 ಬಾರಿ ಪಟ್ಟ ಉಳಿಸಿಕೊಂಡವರು. 1938ರಲ್ಲಿ ಜರ್ಮನಿಯ ಷ್ಮೆಲಿಂಗ್‌ನನ್ನು ಮೊದಲ ಸುತ್ತಿನಲ್ಲೇ ಕೆಡವಿದರು. ಯುದ್ಧಕಾಲದಲ್ಲಿ ಪಂದ್ಯದ ಗಳಿಕೆಯನ್ನು ಸೈನ್ಯದ ಪರಿಹಾರ ನಿಧಿಗೆ ಕೊಟ್ಟ ಈ ಮನುಷ್ಯ ತೆರಿಗೆ ಬಾಕಿಯ ಹೊರೆಯಿಂದ 37ನೇ ವಯಸ್ಸಿನಲ್ಲೂ ರಿಂಗಿಗೆ ಇಳಿಯಬೇಕಾಯಿತು. 1951ರಲ್ಲಿ ಅವರನ್ನು ಹೊಡೆದು ಬೀಳಿಸಿದವರು ಮಾರ್ಸಿಯಾನೊ. ಆ 49ರಲ್ಲಿ ಈ ದಣಿದ ಮುದುಕನೂ ಒಬ್ಬ.

ಇನ್ನು ಅಲಿ. 1967ರ ಏಪ್ರಿಲ್ 28ರಂದು ವಿಯೆಟ್ನಾಂ ಯುದ್ಧಕ್ಕೆ ಸೇರುವುದಿಲ್ಲವೆಂದರು. ಪಟ್ಟ ಹೋಯಿತು, ಐದು ವರ್ಷದ ಸೆರೆ ಶಿಕ್ಷೆ ವಿಧಿಸಲಾಯಿತು. ಮೇಲ್ಮನವಿ ನಡೆಯುತ್ತಿದ್ದುದರಿಂದ ಜೈಲು ತಪ್ಪಿತು, ಆದರೆ ಮೂರೂವರೆ ವರ್ಷ ಯಾವ ಪಂದ್ಯಕ್ಕೂ ಅವಕಾಶವಿರಲಿಲ್ಲ. 25ರಿಂದ 28ರ ತನಕದ ವಯಸ್ಸು ಅದು. ಬಾಕ್ಸರನಿಗೆ ಹೊನ್ನಿನ ಕಾಲ. 1971ರಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿತು, ವರ್ಷಗಳನ್ನು ಹಿಂದಿರುಗಿಸಲಿಲ್ಲ. ಮೊದಲಿನ ವೇಗ ಹೋದ ಮೇಲೂ 1974ರಲ್ಲಿ ಕಿನ್ಷಾಸಾದಲ್ಲಿ ಫೋರ್‌ಮನ್‌ನನ್ನು, 1975ರಲ್ಲಿ ಮನಿಲಾದಲ್ಲಿ ಫ್ರೇಜಿಯರ್‌ನನ್ನು ಗೆದ್ದರು. ಹಾಗೆಂದು ಅವರನ್ನು ಔಲಿಯಾ ಮಾಡುವುದು ಬೇಡ. ನಿಷೇಧದ ದಿನಗಳಲ್ಲಿ ತಮ್ಮ ಪರ ನಿಂತಿದ್ದ ಜೋ ಫ್ರೇಜಿಯರ್‌ರನ್ನೇ ಅವರು ಗೊರಿಲ್ಲಾ ಎಂದು ಹೀಯಾಳಿಸಿದರು. ಬಿಳಿಯರು ಕಪ್ಪು ಜನರ ಮೇಲೆ ಎಸೆದ ಬೈಗುಳ ಅದು. 2001ರಲ್ಲಿ ಅಲಿ ಕ್ಷಮೆ ಕೇಳಿದರು. ಜಾನ್ಸನ್ ಕತೆಯೂ ಅಷ್ಟೇ: ಚಾಂಪಿಯನ್ ಆದ ಮೇಲೆ ತಾವೂ ಸ್ಯಾಮ್ ಲ್ಯಾಂಗ್‌ಫರ್ಡ್‌ನಂಥ ಸಮರ್ಥ ಕಪ್ಪು ಮಲ್ಲನಿಗೆ ಪಟ್ಟದ ಪಂದ್ಯ ಕೊಡಲಿಲ್ಲ. ಬಾಗಿಲು ಒಡೆದು ಒಳಹೋದವನೂ ಒಮ್ಮೊಮ್ಮೆ ಒಳಗಿನಿಂದ ಅಗುಳಿ ಹಾಕುತ್ತಾನೆ.

ಬ್ಯಾಡರಹಳ್ಳಿಯ ಹುಡುಗರಿಗೆ ನಾವು ಕೊಟ್ಟ ಪಟ್ಟಿ ಹೀಗಿತ್ತು. ಮೊದಲು ಅಲಿ. ‘ನಮ್ಮವರು’ ಎಂದಲ್ಲ, ಲಿಸ್ಟನ್, ಫ್ರೇಜಿಯರ್, ನಾರ್ಟನ್, ಫೋರ್‌ಮನ್ ಹೀಗೆ ತಮ್ಮ ಕಾಲದ ಎಲ್ಲ ಗಟ್ಟಿಗರ ಎದುರು ನಿಂತದ್ದಕ್ಕೆ. ಎರಡನೆಯವರು ಲೂಯಿಸ್. ಮೂರನೆಯವರು ಜಾನ್ಸನ್. ನಾಲ್ಕನೆಯ ಸಾಲು ಖಾಲಿ. ಅದು ಜಾಕ್ಸನ್, ಲ್ಯಾಂಗ್‌ಫರ್ಡ್, ವಿಲ್ಸ್‌ರಂಥವರದ್ದು. ಅವರು ಗೆಲ್ಲುತ್ತಿದ್ದರೋ ಸೋಲುತ್ತಿದ್ದರೋ, ತಿಳಿಯುವ ದಾರಿಯನ್ನೇ ಮುಚ್ಚಲಾಗಿತ್ತು. ಮಾರ್ಸಿಯಾನೊ, ಟೈಸನ್, ಉಸಿಕ್‌ರನ್ನು ಆಮೇಲೆ ಬೇಕಾದಂತೆ ಕೂರಿಸಿಕೊಳ್ಳಲಿ.

ಹುಡುಗರು ಒಪ್ಪಿದರು, ಅರೆಮನಸ್ಸಿನಿಂದ. ಎದ್ದು ಹೊರಡುವಾಗ ಗ್ಯಾರೇಜಿನ ಹುಡುಗ ಮೆಲ್ಲಗೆ ಹೇಳಿದ: ‘ನನ್ನ ತಂಗಿ ಬಾಕ್ಸಿಂಗ್ ಕಲೀತೀನಿ ಅಂತಾಳೆ ಭಾಯ್. ಅಬ್ಬಾ ಬೇಡ ಅಂದಿದ್ದಾರೆ, ನಾನೂ ಬೇಡ ಅಂದೆ.’ ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ 2022ರಲ್ಲೂ 2023ರಲ್ಲೂ ವಿಶ್ವ ಚಾಂಪಿಯನ್ ಆದದ್ದು ಅವನಿಗೆ ಗೊತ್ತಿತ್ತು. ಒಲಿಂಪಿಕ್ಸಿನಲ್ಲಿ ಹೆಣ್ಣುಮಕ್ಕಳ ಬಾಕ್ಸಿಂಗ್ ಸೇರಿದ್ದೇ 2012ರಲ್ಲಿ ಎಂಬುದು ಗೊತ್ತಿರಲಿಲ್ಲ. ಅಲಿಯ ಮಗಳು ಲೈಲಾ ಸ್ಪರ್ಧಿಸಿದ 24 ಪಂದ್ಯಗಳನ್ನೂ ಗೆದ್ದು ನಿವೃತ್ತಳಾದಳೆಂದು ನಾವು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

ಒಂದು ಗಂಟೆ ಜಗತ್ತಿನ ಜಟ್ಟಿಗಳ ಪಟ್ಟಿ ಮಾಡಿದ ನಮಗೂ ಒಬ್ಬ ಹೆಣ್ಣಿನ ಹೆಸರು ಅಲ್ಲಿಯತನಕ ಹೊಳೆದಿರಲಿಲ್ಲ. ಆ ಖಾಲಿ ಸಾಲು ಅಮೆರಿಕದ್ದು ಮಾತ್ರ ಎಂದುಕೊಂಡಿದ್ದೆವು.