ಬೆಳಕು ಹಿಂದಿನಿಂದ ಬೀಳುವ ಚಿತ್ರ

ತಾವರಗೇರಾದಲ್ಲಿ ಕುಳಿತು ಚಿತ್ರ ಬರೆಯುವ ಹುಡುಗಿಯೊಬ್ಬಳು ರೆಕ್ಕೆ ಮೂಡಿದ ಕುದುರೆಯನ್ನೋ ಬೇರೊಂದು ಗ್ರಹದ ಊರನ್ನೋ ಬಿಡಿಸಿ, ದೂರದೇಶದ ಆನ್‌ಲೈನ್ ಪತ್ರಿಕೆಯೊಂದಕ್ಕೆ ಇವತ್ತೇ ಕಳಿಸಬಹುದು. ಇದು ಹೊರಗಿನಿಂದ ಬಂದ ಕಸುಬು, ಕೊಪ್ಪಳ ಸೀಮೆಗೂ ಅದಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಕಣ್ಣಿಗೆ ಕಾಣದ ಲೋಕವನ್ನು ಬರೆದು ತೋರಿಸಿ ಬದುಕಿದ ಮನೆತನಗಳು ಈ ಸೀಮೆಯಲ್ಲಿ ತಲೆಮಾರುಗಳಿಂದ ಇವೆ. ಕಿನ್ನಾಳದ ಚಿತ್ರಗಾರರು ಹಗುರ ಮರದಲ್ಲಿ ಗರುಡನನ್ನೂ ಕಾಮಧೇನುವನ್ನೂ ಕಡೆದು ಬಣ್ಣ ಹಚ್ಚಿದರು. ಕೊಪ್ಪಳ ತಾಲ್ಲೂಕಿನ ಮೋರನಾಳದಂಥ ಊರುಗಳ ಶಿಳ್ಳೇಕ್ಯಾತರು ಅದೇ ಲೋಕವನ್ನು ತೊಗಲಿನ ಮೇಲೆ ಬರೆದರು. ಎರಡೂ ದೊಡ್ಡ ಕಸುಬುಗಳೇ. ಆದರೆ ಇವತ್ತಿನ ಚಿತ್ರಕಾರರಿಗೆ ಹೆಚ್ಚು ಹತ್ತಿರವಾದದ್ದು ತೊಗಲುಗೊಂಬೆ ಎಂಬುದು ನನ್ನ ವಾದ, ಏಕೆಂದರೆ ಮೊಬೈಲಿನ ತೆರೆಯಂತೆ ಅದೂ ಹಿಂದಿನಿಂದ ಬೆಳಕು ಬಿದ್ದಾಗ ಮಾತ್ರ ಪೂರ್ತಿ ಕಾಣುವ ಚಿತ್ರ.

ಒಂದು ತೊಗಲನ್ನು ಹತ್ತಿರದಿಂದ ನೋಡಿ. ಹೆಚ್ಚಾಗಿ ಅದು ಆಡಿನದು. ಕೂದಲು ತೆಗೆದು, ಹೆರೆದು, ಬೆಳಕು ಹಾಯುವಷ್ಟು ತೆಳುವಾಗಿಸಿ ಒಣಗಿಸಿದ್ದು. ಅದರ ಮೇಲೆ ರಾವಣನ ಗೆರೆ ಎಳೆದಾದ ಮೇಲೆ ಕಿರೀಟ, ಸರ, ತೋಳಬಂದಿಯ ಕೆಲಸ. ಆ ಒಡವೆಗಳು ಬರಿಯ ಬಣ್ಣದಿಂದ ಹೊಳೆಯುವುದಿಲ್ಲ. ಉಳಿಯಿಂದ ಒಂದೊಂದೇ ತೂತು ಕೊರೆಯುತ್ತಾರೆ. ಹರಳೆಣ್ಣೆಯ ದೀಪ ಹಚ್ಚಿದಾಗ ಆ ತೂತುಗಳಿಂದ ಹೊಮ್ಮುವ ಬೆಳಕೇ ಮುತ್ತು, ಅದೇ ರತ್ನ. ಹಗಲಲ್ಲಿ ಕೈಯಲ್ಲಿ ಹಿಡಿದರೆ ಮಂಕಾಗಿ ಕಾಣುವ ಕೆಂಪು ರಾತ್ರಿ ಪರದೆಯ ಮೇಲೆ ಕೆಂಡವಾಗುತ್ತದೆ. ದೂರ ಕುಳಿತವನಿಗೂ ಯಾರೆಂದು ತಿಳಿಯಬೇಕಾದ್ದರಿಂದ ಅಂಚಿನ ಗೆರೆ ಖಚಿತ. ಗೊಂಬೆಯ ಅಳತೆಯೂ ಪಾತ್ರದ ಅಂತಸ್ತಿಗೆ ತಕ್ಕಂತೆ: ದೇವರು, ಅರಸರು ದೊಡ್ಡವರು, ಸೇವಕರು ಚಿಕ್ಕವರು. ಕೆಲವೊಮ್ಮೆ ಒಂದೇ ತೊಗಲಿನಲ್ಲಿ ರಥ, ಕುದುರೆ, ಸಾರಥಿ, ವೀರ ಎಲ್ಲರೂ ಸೇರಿ ಇಡೀ ಸನ್ನಿವೇಶವೇ ಮೂಡಿರುತ್ತದೆ. ಕಥೆಯ ಪಕ್ಕದಲ್ಲಿ ಅಲಂಕಾರಕ್ಕೆಂದು ಇಟ್ಟ ಚಿತ್ರ ಇದಲ್ಲ. ಚಿತ್ರ ಏಳದಿದ್ದರೆ ಕಥೆಯೂ ಏಳುವುದಿಲ್ಲ. ಮಳೆ ತಡವಾದಾಗ ಗೊಂಬೆ ಆಡಿಸಿದರೆ ಮಳೆ ಬರುತ್ತದೆ ಎಂಬ ನಂಬಿಕೆಯಿಂದ ಹಳ್ಳಿಗಳು ಮೇಳವನ್ನು ಕರೆಸುತ್ತಿದ್ದವು. ಯಾವ ಪ್ರಸಂಗ, ಎಷ್ಟು ಹೊತ್ತು ಎಂಬುದು ಕರೆಸಿದವರ ಅಪೇಕ್ಷೆಗೂ ಸೇರಿದ್ದು. ಚಿತ್ರ ಆರಿಸುವ ಸಂಪಾದಕನ ಕೆಲಸವನ್ನು ಅಂದು ಊರೇ ಮಾಡುತ್ತಿತ್ತು.

ಅಚ್ಚಿನ ಕಾಲದಲ್ಲಿ ಚಿತ್ರ ಪುಟದೊಳಗಿನ ಚೌಕಕ್ಕೆ ಇಳಿಯಿತು. ಮಾತು ಮುಂದೆ ಹೋಯಿತು, ಚಿತ್ರ ಹಿಂದೆ ನಡೆಯಿತು. 1949ರಲ್ಲಿ ಕನ್ನಡಕ್ಕೆ ಬಂದ ‘ಚಂದಮಾಮ’ ಇದಕ್ಕೆ ದೊಡ್ಡ ಅಪವಾದ. ಕನ್ನಡದವರೇ ಆದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳನ್ನೂ ಶಂಕರ್ ಬರೆದ ಬೇತಾಳನನ್ನೂ ನೋಡಿ ಬೆಳೆದವರಿಗೆ ಕಥೆಗಿಂತ ಮೊದಲು ಚಿತ್ರವೇ ನೆನಪಿಗೆ ಬರುತ್ತದೆ. ಹಾಗಿದ್ದರೂ ಅದು ಕಾಗದದ ಮೇಲೆ ಹೊರಗಿನ ಬೆಳಕು ಬಿದ್ದು ಕಾಣುವ ಚಿತ್ರ. ತೆರೆಯ ಒಳಗಿಂದಲೇ ಬೆಳಕು ಬರುವ ಈ ಕಾಲ ಬಂದಾಗ, ತೊಗಲಿನವರು ಎಂದೋ ಬಿಡಿಸಿದ್ದ ಲೆಕ್ಕಗಳೇ ಮತ್ತೆ ಎದುರಾಗಿವೆ. ಅಂಗೈ ಅಗಲದ ತೆರೆಯಲ್ಲಿ ಆಕೃತಿ ಒಂದೇ ನೋಟಕ್ಕೆ ಹೇಗೆ ತಿಳಿಯಬೇಕು, ಕತ್ತಲನ್ನು ಎಲ್ಲಿ ಬಿಡಬೇಕು, ಹೊಳಪನ್ನು ಎಷ್ಟಕ್ಕೆ ನಿಲ್ಲಿಸಬೇಕು?

ತೊಗಲುಗೊಂಬೆ ದೈವಭಕ್ತಿಯ ಕಲೆ, ಅದನ್ನು ಕಲ್ಪನೆಯ ಚಿತ್ರ ಎನ್ನಬಹುದೇ ಎಂದು ಕೇಳುವವರ ಮಾತನ್ನು ತಳ್ಳಿಹಾಕಲಾಗದು. ಆಟ ಗಣಪತಿಯ ಪೂಜೆಯಿಂದಲೇ ಶುರುವಾಗುತ್ತದೆ, ರಾಮನ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಆದರೆ ಮೈರಾವಣನ ಪ್ರಸಂಗದ ಪಾತಾಳವನ್ನು ನೋಡಿದವರಿಲ್ಲ. ಅದನ್ನು ಬರೆದವನು ತಾನೇ ಕಟ್ಟಬೇಕಿತ್ತು. ಶಿಳ್ಳೇಕ್ಯಾತ ಸಮುದಾಯಕ್ಕೆ ಹೆಸರು ಕೊಟ್ಟ ಕಿಳ್ಳೇಕ್ಯಾತನೆಂಬ ಗೊಂಬೆ, ಅವನ ಹೆಂಡತಿ ಬಂಗಾರಕ್ಕ ಯಾವ ಪುರಾಣದವರೂ ಅಲ್ಲ, ಈ ಕಲಾವಿದರೇ ಹುಟ್ಟಿಸಿದವರು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಅದೇ ತೊಗಲಿನಲ್ಲಿ ಗಾಂಧಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತೋರಿಸಿದರು. ರೂಢಿ ಗಟ್ಟಿಯಾಗಿದ್ದುದರಿಂದಲೇ ಹೊಸ ವಸ್ತುವನ್ನು ಹೊರಲು ಅದಕ್ಕೆ ಸಾಧ್ಯವಾಯಿತು. ಗಗನನೌಕೆಯನ್ನೂ ಅದು ಹೊರಬಲ್ಲದು.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ. ಒಂದು ಅಲೆಮಾರಿ ಸಮುದಾಯ ಹಸಿವಿನ ನಡುವೆ ಕಾಪಾಡಿಕೊಂಡ ವಿದ್ಯೆಯನ್ನು, ಕಂಪ್ಯೂಟರ್ ಇರುವ ಬೇರೆಯವರು ಎತ್ತಿಕೊಂಡು ತಮ್ಮ ಶೈಲಿ ಎಂದು ಕಳಿಸುವುದು ನ್ಯಾಯವೇ? ನ್ಯಾಯವಲ್ಲ. ಗೆರೆಯನ್ನು ಯಾರಿಂದ ಕಲಿತೆ ಎಂದು ಚಿತ್ರದ ಜೊತೆಗೇ ಬರೆದು ಕಳಿಸಬೇಕು, ಆ ಮನೆತನದ ಮಕ್ಕಳ ಕೈಗೂ ಈ ಸಲಕರಣೆ ಸಿಗಬೇಕು. ಯಂತ್ರ ಬರೆದ ಕಥೆಗಳ ಹಾವಳಿ ತಾಳಲಾರದೆ ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ವಿಜ್ಞಾನಕಥೆಗಳ ಆನ್‌ಲೈನ್ ಪತ್ರಿಕೆ 2023ರ ಫೆಬ್ರುವರಿಯಲ್ಲಿ ಬರಹ ಸ್ವೀಕರಿಸುವುದನ್ನೇ ಕೆಲಕಾಲ ನಿಲ್ಲಿಸಿತ್ತು. ಇಂಥ ಹೊತ್ತಿನಲ್ಲಿ ಈ ಗೆರೆ ಯಾವ ಕೈಯದು ಎಂಬ ಪ್ರಶ್ನೆಗೆ ಹಿಂದೆಂದೂ ಇಲ್ಲದ ಬೆಲೆ ಬಂದಿದೆ. ಹಳೆಯ ತೊಗಲುಗಳಲ್ಲಿ ಬರೆದವರ ಸಹಿ ಹುಡುಕಿದರೆ ಸಿಗುವುದಿಲ್ಲ. ಕರ್ನಾಟಕ ಚಿತ್ರಕಲಾ ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅಂಥ ಗೊಂಬೆಗಳನ್ನು ಊರೂರು ತಿರುಗಿ ಕೂಡಿಸಿ ಉಳಿಸಿದರು, ಗೊಂಬೆ ಉಳಿಯಿತು. ಹೆಸರು ಬರಲು ಇನ್ನೂ ಬಹಳ ಕಾಲ ಹಿಡಿಯಿತು. 2025ರ ಪದ್ಮಶ್ರೀ ಪಟ್ಟಿಯಲ್ಲಿ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಅಚ್ಚಾದಾಗ ಅವರ ವಯಸ್ಸು 90 ದಾಟಿತ್ತು.